ಕಿತ್ತ ಪಟ್ಟಿ

ಬಸ್ಸಿನ ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಯಾರೋ ಟಿಕೆಟ್ಟು ಮಡಿಸಿ ಸಂದಿಗೆ ತುರುಕಿದ್ದಾರೆ, ಆದರೂ ನಿಂತಿಲ್ಲ, ಒಂದು ಬೆಣೆ ಸರಿಯಾಗಿ ಕೂರಿಸಿದ್ದರೆ ನಿಲ್ಲುತ್ತಿತ್ತು ಅಂದುಕೊಂಡ ಮಾದಪ್ಪ, ಅಂದುಕೊಂಡವನೇ ಮುಖ ತಿರುಗಿಸಿದ — ಬೆಣೆಯ ಮಾತಾಡುವ ಯೋಗ್ಯತೆ ತನಗೆಲ್ಲಿದೆ — ಕಾಲ ಸಂದಿಯಲ್ಲಿ ಸಿದ್ದಯ್ಯನ ಸಾಮಾನಿನ ಚೀಲ, ಸುತ್ತಿಗೆ, ಉಳಿ, ನೂಲುಂಡೆ, ನಂಜನಗೂಡು ಬಿಟ್ಟಾಗಿನಿಂದ ಪ್ರತಿ ತಿರುವಿನಲ್ಲೂ ಅದು ಅವನ ಹಿಮ್ಮಡಿಗೆ ಬಂದು ಒರಗುತ್ತಿದೆ. ನಿಮ್ಮಣ್ಣ ಚೀಲ ಕೇಳ್ತಾವ್ರೆ, ತಂದ್ಕೊಡಪ್ಪ ಎಂದಿದ್ದಳು ಫೋನಿನಲ್ಲಿ ಗುರುಬಸಮ್ಮ, ಸಿದ್ದಯ್ಯನ ಹೆಂಡತಿ, ಗಂಡನ ಕೈ ಮುರಿದು ಹದಿನೇಳು ದಿನವಾದರೂ ಮಾದಪ್ಪನ ಮೇಲೆ ಒಂದು ಗಡಸು ಮಾತು ಆಡಿದವಳಲ್ಲ, ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಪ್ಪತ್ತೆರಡು ವರ್ಷ ಇಬ್ಬರೂ ಜೊತೆಯಲ್ಲಿ ಹೆಂಚು ಹೊದಿಸಿದವರು, ಇಳಿಜಾರಿನ ಮೇಲೆ ಹೆಂಚು ಪೇರಿಸುವ ಮೊದಲು ಅಡ್ಡಲಾಗಿ ಒಂದು ಪಟ್ಟಿ ಇಟ್ಟು ಮೊಳೆ ಹೊಡೆಯಬೇಕು, ಆ ತಡೆಯಿಲ್ಲದೆ ಒಂದೇ ಒಂದು ಹೆಂಚನ್ನೂ ಮೇಲಿಡಬಾರದು, ಕಲಿಸಿದವನೇ ಸಿದ್ದಯ್ಯ, ಎಂಚಿಗೆ ಕಾಲಿಲ್ಲ ಅಂತ ನಂಬ್ಬೇಡ ಕಣ್ಲಾ, ಅದುಕ್ಕೆ ಕೆಳೀಕೆ ಓಗೋದೊಂದು ಸಂದಾಗಿ ಗೊತ್ತು. ಚಿಕ್ಕಯ್ಯನಛತ್ರದ ಆ ಮನೆಯ ಮೇಲೂ ಅವನೇ ಪಟ್ಟಿ ಹೊಡೆದದ್ದು, ಮೂರು ಮೊಳೆ, ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿ, ಅದಕ್ಕೆ ಆನಿಸಿ ಹೆಂಚು ಪೇರಿಸಿ ಕೆಳಗಿಳಿದು ಹೋದ, ಮೇಲೆ ಉಳಿದವನು ಮಾದಪ್ಪ ಒಬ್ಬನೇ, ಸೂರಂಚಿನಲ್ಲಿ ಒಂದೂವರೆ ಅಡಿ ಪಟ್ಟಿ ಕಡಿಮೆ ಬಿದ್ದಿತ್ತು, ಮರ ಕೆಳಗೆ ಅಂಗಳದಲ್ಲಿತ್ತು, ಏಣಿಗೆ ಹದಿನಾಲ್ಕು ಮೆಟ್ಟಿಲು, ಮಂಡಿ ನೋಯುತ್ತಿತ್ತು — ಇಲ್ಲ, ಮಂಡಿಯ ನೆಪ ಬೇಡ, ಅವತ್ತು ಮಂಡಿ ನೆಟ್ಟಗೇ ಇತ್ತು, ಇಳಿಯುವುದಕ್ಕೆ ಬೇಸರ, ಅಷ್ಟೇ. ಸಿದ್ದಯ್ಯ ಹೊಡೆದಿದ್ದ ಆ ತಡೆಪಟ್ಟಿಯನ್ನೇ ಕಿತ್ತ. ಹೆಂಚಿನ ಅಡಿಗೆ ಗೋಣಿತಾಟು ಮಡಿಸಿ ತುರುಕಿದ, ಐದು ನಿಮಿಷ ನಿಲ್ಲುತ್ತೆ ಅಂದುಕೊಂಡ, ನಿಂತಿತು ಕೂಡ, ಎರಡು ಸಲ ತಿರುಗಿ ನೋಡಿದ, ಎರಡು ಸಲವೂ ನಿಂತೇ ಇತ್ತು, ಕೆಳಗೆ ಸಿದ್ದಯ್ಯ ಡ್ರಮ್ಮಿನ ನೀರಲ್ಲಿ ಕೈ ತೊಳೆಯಲು ಬಗ್ಗಿದ್ದ. ಹೆಂಚು ಜಾರಿದ ಸದ್ದು ದೊಡ್ಡದೇನಲ್ಲ, ಯಾರೋ ಮೂಟೆ ಎಳೆದ ಹಾಗೆ.

ಆಮೇಲೆ ಆ ಮನೆಯ ಯಜಮಾನರು ತಾಂಡ್ಯದ ಕಾರ್ಖಾನೆಯಿಂದ ಓಡಿಬಂದು, ಹೆಂಚು ಜೋಡಿಸಿದವರು ಯಾರು ಅಂತ ಕೇಳಿದರು, ಮಾದಪ್ಪ, ಸಿದ್ದಯ್ಯನೇ ಸಾ ಅಂದ. ಸುಳ್ಳಲ್ಲ, ಜೋಡಿಸಿದ್ದು ಸಿದ್ದಯ್ಯನೇ, ನಿಜವೇ ಸುಳ್ಳಿನ ಕೆಲಸ ಮಾಡಿಕೊಟ್ಟಿತು, ಆ ನಿಜವನ್ನೇ ಆಸ್ಪತ್ರೆಯಲ್ಲೂ ಹೇಳಿದ, ಹಣೆಗೆ ಹೊಲಿಗೆ ಬಿದ್ದು ಏನೂ ಸರಿಯಾಗಿ ನೆನಪಿಲ್ಲದೆ ಮಲಗಿದ್ದ ಸಿದ್ದಯ್ಯನಿಗೂ ಹೇಳಿದ, ನೀನು ಜೋಡ್ಸಿದ್ದು ಜಾರ್ಬುಡ್ತು ಕಣಣ್ಣ, ಸಿದ್ದಯ್ಯ ಸೀಲಿಂಗು ನೋಡುತ್ತ ಹೂಂ ಅಂದ. ನರಸೀಪುರ, ಇಳೀರಿ, ಇಳೀರಿ ಅನ್ನುತ್ತಿದ್ದಾನೆ ಕಂಡಕ್ಟರು, ಮಾದಪ್ಪ ಇಳಿದ, ನಡೆದ, ತಿರುವಿನಲ್ಲಿ ನಿಂತ, ಚೀಲ ಬಾಗಿಲಲ್ಲಿಟ್ಟು ಹಾಗೇ ಹೋಗಿಬಿಡಲೇ, ಅಷ್ಟರಲ್ಲಿ ಬಾ ಮಾದ ಅಂದಿತು ಜಗಲಿಯಿಂದ ದನಿ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಿದ್ದಯ್ಯ, ಬಲಗೈ ಮೊಣಕೈವರೆಗೆ ಪ್ಲಾಸ್ಟರ್ ಕಟ್ಟು, ಎಡಗೈಯಲ್ಲೇ ಚೀಲದ ಬಾಯಿ ಬಿಚ್ಚಿದ, ಸುತ್ತಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದಷ್ಟು ಹೊತ್ತು ನೋಡಿದ, ಮತ್ತೆ ಒಳಗಿಟ್ಟು ಚೀಲವನ್ನು ಮಾದಪ್ಪನ ಕಡೆಗೇ ನೂಕಿದ. ನೀನೇ ಮಡಿಕ್ಕೊ ಕಣ್ಲಾ, ನಾನಿನ್ನು ಮ್ಯಾಕೆ ಅತ್ತೋದಿಲ್ಲ. ಕೈ ವಾಸಿಯಾದ ಮೇಲೆ ಅಂತ ಮಾದಪ್ಪ ಏನೋ ತೊದಲಿದ. ಕೈ ವಾಸಿ ಆಯ್ತದೆ, ಮೂರು ಮೊಳೆ ಒಡ್ದೆ ಅಂತ್ಲೇ ನನ್ ಗ್ಯಾನ, ಒಡ್ದೇ ಇಲ್ವೇನೋ, ನನ್ ಕೈನ ನಾನೇ ನಂಬಂಗಿಲ್ಲ, ಡ್ರಮ್ ತಾವ ಆ ಮನೆ ಮಗ ಏನಾರ ನಿಂತಿದ್ರೆ ಅಂತ ದಿನಾ ಎದೆ ಒಡ್ಕೊತದೆ. ಹದಿನೇಳು ದಿನದಿಂದ ಇದನ್ನೇ ಯೋಚಿಸುತ್ತ ಕೂತಿದ್ದನೇ, ಕೈಗಿಂತ ಹೆಚ್ಚಿನದು ಮುರಿದಿತ್ತೇ, ತನ್ನ ನಾಲಗೆ ಅದನ್ನು ಮುರಿದಿತ್ತೇ — ಮಾತು ಮಾದಪ್ಪನ ಬಾಯಿಂದ ತಾನಾಗಿ ಜಾರಿತು, ನೀನು ಮೂರೂ ಒಡ್ದಿದ್ದೆ ಕಣಣ್ಣ, ಪಟ್ಟಿ ಕಿತ್ತೋನು ನಾನು.

ಯಾಕ್ಲಾ ಅಂದ ಸಿದ್ದಯ್ಯ. ಸೂರಂಚಿಗೆ ಪಟ್ಟಿ ಸಾಲ್ದೆ ಬಂತು, ಕೆಳೀಕೆ ಇಳೀಬೇಕಾಗಿತ್ತು, ಬ್ಯಾಸರ ಆಯ್ತು. ಗುರುಬಸಮ್ಮ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ಕೊಡಲಿಲ್ಲ, ಒಳಗೂ ಹೋಗಲಿಲ್ಲ. ಬಯ್ಯುತ್ತಾನೆ, ಎದ್ದು ಹೊಡೆಯುತ್ತಾನೆ, ಹೊಡೆಯಲಿ — ಸಿದ್ದಯ್ಯ ಇವನ ಕಡೆ ನೋಡಲೇ ಇಲ್ಲ, ಹೆಂಡತಿಯ ಕಡೆ ತಿರುಗಿದ, ಮುಖ ಅರಳಿತ್ತು, ಕೇಳುದ್ಯಾ, ನಾನು ಒಡ್ದಿದ್ದೆ. ಕೇಳುದೆ ಅಂದಳು ಅವಳು, ಕಾಫಿಯನ್ನು ಗಂಡನ ಪಕ್ಕದಲ್ಲಿಟ್ಟಳು, ಒಂದೇ ಲೋಟ. ಸಿದ್ದಯ್ಯ ಚೀಲ ಎಳೆದುಕೊಂಡ, ಮತ್ತೆ ಸುತ್ತಿಗೆ ತೆಗೆದ, ಕಟ್ಟಿನಿಂದ ಹೊರಗೆ ಊದಿಕೊಂಡಿದ್ದ ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಹಿಡಿದು ಸುತ್ತಿಗೆಯ ಹಿಡಿಯ ಸುತ್ತ ಮಡಿಸುತ್ತಾನೆ, ಅವು ಬಿಚ್ಚಿಕೊಳ್ಳುತ್ತವೆ, ಮಡಿಸುತ್ತಾನೆ, ಮಾದಪ್ಪ ಬೀದಿಯತ್ತ ಕಣ್ಣು ತಿರುಗಿಸಿದ, ಬೀದಿಯಲ್ಲಿ ಒಂದು ಹಾಲಿನ ಕ್ಯಾನು, ಒಂದು ಸೈಕಲ್ಲು, ಕಣ್ಣು ತಿರುಗಿ ಅಲ್ಲಿಗೇ ಬಂತು, ತೋರುಬೆರಳು, ನಡುಬೆರಳು, ಮಡಿಸುತ್ತಾನೆ, ಬಿಚ್ಚಿಕೊಳ್ಳುತ್ತವೆ