ಕೆಂಪು ದೀಪದ ಮೇಲಿನ ತೇಪೆ

ದರ್ಜಿಯ ಅಂಗಡಿ ಮುಂದೆ ನಿಂತಿದ್ದ ಹಳೇ ವ್ಯಾನು ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ತೊಳೆಯದಿದ್ದರೆ ದರ್ಜಿಗೆ ತಿಂದದ್ದು ಜೀರ್ಣವಾಗದು. ಸೀಟಿಗೆ ತಾನೇ ಹೊಲಿದ ಕವರು ಬೇರೆ. ಆದರೆ ಅವನ ಹೆಂಡತಿಯ ಜೀವವೆಲ್ಲ ಗುಡ್ಡದಾಚೆಯ ಅಕ್ಕನಲ್ಲಿತ್ತು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿದ ಅಕ್ಕ. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾರಳು, ಈಗ ಕಣ್ಣೂ ಮಂಜಾಗುತ್ತಿದೆ.

"ಪೂರ್ತಿ ಕತ್ತಲಾಗೋ ಮುಂಚೆ ನಿನ್ನ ಮುಖ ನೋಡ್ಬೇಕು ಕಣೇ. ಯಾವಾಗ ಬಂದು ಕರ್ಕೊಂಡು ಹೋಗ್ತೀಯ?" ಎಂದು ಅಕ್ಕ ಫೋನಿನಲ್ಲಿ ಕೇಳಿದಾಗಲೆಲ್ಲ ತಂಗಿ ಗಂಡನ ಮುಂದೆ ಬಂದು ನಿಲ್ಲುತ್ತಿದ್ದಳು.

"ಇದು ಗುಡ್ಡ ಹತ್ತೋ ಗಾಡಿಯಲ್ಲ. ಓಡಿ ಓಡಿ ಸವೆದಿದೆ. ಹೊಸದು ತಗೊಂಡ್ಮೇಲೆ ಹೋಗೋಣ," ಎಂದ ದರ್ಜಿ.

"ಅಲ್ಲೀವರೆಗೆ ಅಕ್ಕನ ಕಣ್ಣು ಕಾಯುತ್ತೇನ್ರೀ?"

ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಬಂದಿದ್ದ ಪಕ್ಕದ ಮನೆಯಾಕೆ ಇದನ್ನು ಕೇಳಿಸಿಕೊಂಡಳು. ಅವಳು ಸ್ಕೂಲ್ ವ್ಯಾನ್ ಓಡಿಸುವವಳು.

"ನನ್ನ ವ್ಯಾನು ಇದಕ್ಕಿಂತ ಮುದುಕಿ ಕಣಣ್ಣ, ಓಡ್ತಿಲ್ವಾ? ಎಲ್ಲಿ, ಬಾಗಿಲು ತೆಗೀರಿ."

ಸ್ಟೀರಿಂಗ್ ಹಿಂದೆ ಕರೀ ಬಟ್ಟೆಯ ಚೂರೊಂದು ಅಂಟಿತ್ತು. "ಇದೇನಣ್ಣ?"

"ಅಲ್ಲೊಂದು ಕೆಂಪು ದೀಪ. ತಿರುವಿನಲ್ಲೆಲ್ಲ ಮಿಣಮಿಣ ಅಂತಿತ್ತು. ಕಿರಿಕಿರಿ ಅಂತ ತೇಪೆ ಹಾಕಿದೆ!"

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗಾಯ್ತು! ಅದು ಎಂಜಿನ್ ಆಯಿಲ್ ದೀಪ. ಹತ್ತಿದ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸ್ಬೇಕು. ಇಲ್ದಿದ್ರೆ ಎಂಜಿನ್ ಸುಟ್ಟೇ ಹೋಗುತ್ತೆ."

ಆಯಿಲ್ ಅಳೆಯುವ ಕಡ್ಡಿ ಎಳೆದರೆ ತುದಿಗಷ್ಟೇ ಎಣ್ಣೆ. ಗಾಡಿಯ ಕೆಳಗೆ ಕಪ್ಪು ಕಲೆ. ಪಾಪ, ದರ್ಜಿ ದಿನಾ ಅದನ್ನೂ ತೊಳೆದುಬಿಡುತ್ತಿದ್ದ!

"ರಿಪೇರಿ ಅಂದ್ರೆ ಮನೆ ಮಾರ್ಬೇಕಷ್ಟೆ," ಎಂದು ಗೊಣಗಿದ.

"ಅಂಗಿ ಒಂದು ಹೊಲಿಗೆ ಬಿಟ್ರೆ ಆಗ್ಲೇ ಹಾಕ್ತೀರೋ, ಪೂರ್ತಿ ಹರೀಲಿ ಅಂತ ಕಾಯ್ತೀರೋ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋಬೇಡಿ. ಬ್ರೇಕು, ಟೈರು, ಆಯಿಲ್ ಮೊದ್ಲು. ಸೀಟ್ ಕವರು, ಪಾಲಿಶು ಆಮೇಲೆ."

ದರ್ಜಿ ತಲೆ ಕೆರೆದುಕೊಂಡ. ಅಂದೇ ಆಕೆ ಮೆಕ್ಯಾನಿಕ್‌ನನ್ನು ಕರೆತಂದಳು. ಸವೆದು ಎಣ್ಣೆ ಸೋರಿಸುತ್ತಿದ್ದದ್ದು ಎಂಜಿನ್ ಕೆಳಗಿನ ಒಂದು ಪುಟ್ಟ ವಾಷರ್! ಅದನ್ನು ಬದಲಿಸಿ, ಹೊಸ ಆಯಿಲ್, ಫಿಲ್ಟರ್ ಹಾಕಿ, ಬ್ರೇಕು ನೋಡಿ ಅವನು ಹೇಳಿದ: "ಪುಣ್ಯಕ್ಕೆ ಎಂಜಿನ್ ಉಳ್ಕೊಂಡಿದೆ. ಧೈರ್ಯವಾಗಿ ಹೋಗಿ ಬನ್ನಿ."

ಹೊರಡುವ ಬೆಳಿಗ್ಗೆ ದರ್ಜಿ ಬಕೆಟ್ ಹಿಡಿಯಲಿಲ್ಲ. ಎಂಜಿನ್ ತಣ್ಣಗಿರುವಾಗಲೇ ಆಯಿಲ್ ನೋಡಿದ, ರೇಡಿಯೇಟರ್ ನೀರು ನೋಡಿದ, ಸ್ಟೆಪ್ನಿಗೂ ಗಾಳಿ ಹಾಕಿಸಿದ. ತೇಪೆ ಕಿತ್ತು ಹೆಂಡತಿಯ ಕೈಗಿಟ್ಟ. ಗುಡ್ಡದ ತಿರುವುಗಳಲ್ಲಿ ಅವಳು ರಸ್ತೆ ನೋಡಲೇ ಇಲ್ಲ. ಆ ದೀಪವನ್ನೇ ನೋಡುತ್ತ ಕುಳಿತಳು. ಅದು ಹತ್ತಲಿಲ್ಲ.

ಅಕ್ಕ ಗೇಟು ಹಿಡಿದು ನಿಂತಿದ್ದಳು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೆ ತೀರ ಹತ್ತಿರ ತಂದುಕೊಂಡಳು.

"ಕಾಣ್ತೀಯ ಕಣೇ," ಎಂದಳು. "ಇನ್ನೂ ಕಾಣ್ತೀಯ."

ನಿಮ್ಮ ಹಳೇ ಗಾಡಿಯ ದಾರಿಯನ್ನೂ ಯಾರೋ ಕಾಯುತ್ತಿರುತ್ತಾರೆ. ಅದು ಕೆಂಪು ದೀಪ ತೋರಿಸಿ ಕರೆದರೆ ಕಣ್ಣು ಮುಚ್ಚಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಒಮ್ಮೆ ಬಾನೆಟ್ ಎತ್ತಿ, ಗಾಡಿಯ ಕೆಳಗೂ ಬಗ್ಗಿ ನೋಡಿ.