ಗೋಮಿ ಪುಸ್ತಕಕ್ಕೆ ಹನ್ನೊಂದು ಎಳೆ

ಮಗ್ಗದ ಹಿಂದಿನ ಗೋಡೆಯಲ್ಲಿ ಕೊರೆದ ಮಾಡದಲ್ಲಿ ಮೊದಲು ಎಣ್ಣೆ ಬುಡ್ಡಿ ಇರುತ್ತಿತ್ತು. ಮುತ್ತವ್ವ ಇಳಕಲ್ಲಿಗೆ ಸೊಸೆಯಾಗಿ ಬಂದ ಎರಡನೆಯ ವರ್ಷಕ್ಕೆ ಬುಡ್ಡಿ ನೆಲಕ್ಕಿಳಿಯಿತು, ಮಾಡದಲ್ಲಿ ಪುಸ್ತಕಗಳು ಕೂತವು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೆರಡು ಬಂದಿರುತ್ತಿದ್ದವು.

“ನೇಯೋ ಮನ್ಯಾಗ ಸೀರಿ ಗಂಟು ಇಷ್ಟೆತ್ತರ ಬೆಳೀಲಿಲ್ಲ, ಪುಸ್ತಕದ ಗಂಟು ಬೆಳೀತು ನೋಡು,” ಎಂದು ಅತ್ತೆ ಬಾಳವ್ವ ಆಡಿಕೊಳ್ಳುವಳು. ಆಡಿಕೊಂಡರೂ, ಮಧ್ಯಾಹ್ನ ಇಬ್ಬರೂ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುವಾಗ ಮೊದಲು ಬಾಯಿ ತೆರೆಯುವವಳು ಅವಳೇ. “ಹೂಂ, ಮುಂದ ಏನಾತು?”

ಪುಸ್ತಕಗಳು ಅಬ್ದುಲಸಾಬನವು. ಊರಿನ ಸೀರೆ ವ್ಯಾಪಾರಿಗಳೆಲ್ಲ ನಂಬಿದ್ದು ಅವನ ಕಣ್ಣನ್ನು. ನೇಯ್ದ ಸೀರೆ ಅವನ ಮನೆಗೆ ಹೋಗಬೇಕು, ಅವನು ಅದನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಿ ಸೈ ಎನ್ನಬೇಕು. ವರ್ಷಕ್ಕೆರಡು ಸಲ ಸೀರೆ ಹೊತ್ತು ಧಾರವಾಡಕ್ಕೆ ಹೋದರೆ ಬರುವಾಗ ಗಂಟಿನ ತುಂಬ ಪುಸ್ತಕ. ರಟ್ಟು ಹರಿದರೆ ತಾನೇ ಹೊಲಿದು, ಮೇಲೆ ಉಳಿದ ಸೀರೆ ದಡಿಯ ತುಂಡು ಅಂಟಿಸುವನು. ಹೀಗಾಗಿ ಮುತ್ತವ್ವನ ಮನೆಯಲ್ಲಿ ಪುಸ್ತಕಗಳಿಗೆ ದಡಿಯ ಹೆಸರೇ ನಿಂತಿತು: ಚಿಕ್ಕಿ ಪುಸ್ತಕ, ಗಾಡಿದಡಿ ಪುಸ್ತಕ, ಗೋಮಿ ಪುಸ್ತಕ.

ತವರೂರು ಬಾದಾಮಿಯ ಶಾಲೆಯಲ್ಲಿ ಮುತ್ತವ್ವ ಮೂರನೆಯ ಇಯತ್ತೆಗೆ ಬಂದಾಗ ಪ್ಲೇಗು ಬಿತ್ತು. ಊರು ಬಯಲಿಗೆ ಹೋಯಿತು, ಶಾಲೆ ಮುಚ್ಚಿತು. ಮತ್ತೆ ತೆರೆಯುವಷ್ಟರಲ್ಲಿ ಅವಳಿಗೆ ಲಗ್ನ ಗೊತ್ತಾಗಿತ್ತು. ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಹೆಂಡತಿಯನ್ನು ನೋಡಿ ಗಂಡ ಯಮನೂರಪ್ಪನೇ ಅಬ್ದುಲಸಾಬನ ಕಿವಿಗೆ ಹಾಕಿದ್ದ. ಅಂದಿನಿಂದ ಪುಸ್ತಕ ಬಂದವು. ಆದರೆ ಕೊಟ್ಟವನ ಎದುರು ಅವಳು ಒಂದು ದಿನವೂ ಮಾತಾಡಿರಲಿಲ್ಲ. ಹೊರಗಿನ ಹಿರಿಯರ ಮುಂದೆ ಸೊಸೆ ದನಿ ತೆಗೆಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಇದ್ದಿದ್ದರೂ ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಚಿಕ್ಕಿ ಪುಸ್ತಕ ಆಕಾಶದ್ದು. ಭೂಮಿ ತಿರುಗುತ್ತದೆ ಎಂದು ಅದರಲ್ಲಿ ಓದಿ ಹೇಳಿದ ದಿನ ಬಾಳವ್ವ ರಾಟಿ ನಿಲ್ಲಿಸಿ, “ತಿರಗತೈತಿ? ಹಂಗಾರ ನನ್ನ ಮಗನ ಮಗ್ಗದ ಕುಣಿ ಎತ್ತಾಗ ಹೋಗತೈತಿ?” ಎಂದಿದ್ದಳು. ಗಾಡಿದಡಿ ಪುಸ್ತಕದಲ್ಲಿ ಒಬ್ಬ ಕಾಶಿಗೆ ಹೋಗುತ್ತಾನೆ, ಪ್ರತಿ ಊರಲ್ಲೂ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾನೆ. ಅತ್ತೆ ಸೊಸೆ ಇಬ್ಬರಿಗೂ ಅವನ ಮೇಲೆ ಪ್ರೀತಿ. ಗೋಮಿ ಪುಸ್ತಕವೇ ಬೇರೆ. ಅದು ಹೊಳೆಯಲ್ಲಿ ಹರಿಗೋಲು ನಡೆಸುವ ಒಬ್ಬ ಹೆಂಗಸಿನ ಕಥೆ. ಮುತ್ತವ್ವ ಅದನ್ನು ಮೂರು ಸಲ ಓದಿದಳು, ಸರದಿಗೆ ಕಾದ ಆರು ಪುಸ್ತಕಗಳನ್ನು ಕಾಯಿಸಿಯೇ.

ಓದುತ್ತ ಓದುತ್ತ ಎಲ್ಲಿ ಮುಂದಕ್ಕೆ ಹೋಗಲಾಗದೆ ಕಣ್ಣು ನಿಂತಿತೋ ಆ ಹಾಳೆಗೆ ಅವಳು ರಾಟಿಯ ಬುಡದಲ್ಲಿ ಬಿದ್ದ ಕೆಂಪು ಎಳೆಯೊಂದನ್ನು ಸುತ್ತಿ ಗಂಟು ಹಾಕುತ್ತಿದ್ದಳು. ಅವಳ ತವರಿನವರು ಮಹಾಕೂಟದಲ್ಲಿ ಹೂ ಕಟ್ಟುವವರು. ಕಳೆದುಕೊಳ್ಳಬಾರದ್ದಕ್ಕೆ ದಾರ ಕಟ್ಟಬೇಕು ಎಂದು ಅವ್ವ ಹೇಳಿಕೊಟ್ಟಿದ್ದಳು. ಗೋಮಿ ಪುಸ್ತಕಕ್ಕೆ ಹನ್ನೊಂದು ಎಳೆ ಬಿದ್ದವು. ಬಿಚ್ಚಲು ಮನಸ್ಸಾಗದೆ ಹಾಗೆಯೇ ಹಿಂದಕ್ಕೆ ಕಳಿಸಿದಳು. ಬಾಯಿಂದ ಹೇಳಲಾಗದ್ದನ್ನು ಎಳೆಗಳಾದರೂ ಹೇಳಲಿ ಎಂದುಕೊಂಡಳು.

ಮೂರನೆಯ ದಿನ ಮಧ್ಯಾಹ್ನ ಅಬ್ದುಲಸಾಬ ಬಂದ. ಯಮನೂರಪ್ಪ ನೂಲು ತರಲು ಹುನಗುಂದಕ್ಕೆ ಹೋಗಿದ್ದ. ಮುತ್ತವ್ವ ಒಳಗೆ ಸರಿದು ಬಾಗಿಲ ಮರೆಯಲ್ಲಿ ನಿಂತಳು.

“ಬರ್ರಿ ಸಾಬ್ರ, ಕುಂದರ್ರಿ. ನೀರ ತರ್ಲೇನ್ರಿ?” ಎಂದಳು ಬಾಳವ್ವ.

“ನೀರ ಬ್ಯಾಡವ್ವ. ಪುಸ್ತಕ ಒಯ್ಯಾಕ ಬಂದೇನಿ. ಇದ್ದಷ್ಟೂ ಕೊಡು.”

“ಇದ್ದಷ್ಟೂ? ಇನ್ನ ಆರು ಓದೋದದಾವಂತಲ್ರಿ!”

ಅಬ್ದುಲಸಾಬ ಬಗಲಿಂದ ಗೋಮಿ ಪುಸ್ತಕ ತೆಗೆದು ಅವಳ ಮುಂದೆ ಹಿಡಿದ. ಅಂಚಿನ ತುಂಬ ಕೆಂಪು ಎಳೆಗಳು ತೂಗುತ್ತಿದ್ದವು. “ನೋಡಿಲ್ಲೆ. ನಲವತ್ತ ವರ್ಷ ಆತು ನಾ ಮಂದಿ ಸೀರಿಗೆ ಕೆಂಪ ಎಳಿ ಕಟ್ಟಾಕ ಹತ್ತಿ. ಎಲ್ಲಿ ತಪ್ಪ ಅಲ್ಲಿ ಎಳಿ. ಇದು ನಾ ಮೊದಲನೇ ಸಲ ಧಾರವಾಡಕ್ಕ ಹೋದಾಗ ತಂದ ಪುಸ್ತಕ, ಬಾಳವ್ವಾ. ನಿನ್ನ ಸೊಸಿ ಇದಕ್ಕ ಹನ್ನೊಂದ ತಪ್ಪ ತಗದಾಳ.”

“ಅಯ್ಯ ನನ್ನ ಶಿವನೇ!” ಎಂದು ಬಾಳವ್ವ ಬಾಯಿಗೆ ಸೆರಗು ಹಿಡಿದಳು.

ಬಾಗಿಲ ಹಿಂದೆ ನಿಂತ ಮುತ್ತವ್ವನಿಗೆ ಇದು ಹೊಸದು. ನೇಯ್ದ ಸೀರೆ ಹೊಸಿಲು ದಾಟಿದ ಮೇಲೆ ಅದಕ್ಕೆ ಏನಾಗುತ್ತದೆಂದು ಅವಳು ಕಂಡವಳಲ್ಲ. ಇಳಕಲ್ಲಿನಲ್ಲಿ ಕೆಂಪು ಎಳೆಗೆ ಇಂಥ ಅರ್ಥವಿದೆಯೆಂದು ಯಾರೂ ಹೇಳಿರಲಿಲ್ಲ. “ಅತ್ತಿ, ತಪ್ಪಿಗೆ ಕಟ್ಟಿದ್ದಲ್ರಿ ಅವು,” ಎಂದು ಪಿಸುಗುಟ್ಟಿದಳು.

ಮೂವತ್ತು ವರ್ಷ ಮಗ್ಗದ ಸದ್ದಿನ ಪಕ್ಕ ಕೂತ ಕಿವಿ ಬಾಳವ್ವನದು. ಅದಕ್ಕೆ ಕೇಳಿದ್ದು ಒಂದೇ ಮಾತು. “ತಪ್ಪಿಗೇ ಕಟ್ಟೇನಿ ಅಂತಾಳ್ರಿ,” ಎಂದು ಸಣ್ಣ ಮುಖ ಮಾಡಿ ಹೇಳಿದಳು.

“ಖರೆ ಹೇಳಿದ್ಲು, ಛಲೋ ಆತು,” ಎಂದ ಅಬ್ದುಲಸಾಬ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದು ಇತ್ತು. ಮಾಡದಿಂದ ಆರೂ ಪುಸ್ತಕ ಇಳಿಸಿ ಹೆಗಲ ವಸ್ತ್ರ ಹಾಸಿ ಕಟ್ಟತೊಡಗಿದ. ಮೊದಲ ಗಂಟು ಬಿತ್ತು. ಎರಡನೆಯದಕ್ಕೆ ಕೈ ಹೋಯಿತು.

ಮುತ್ತವ್ವನಿಗೆ ತನ್ನ ಮಾತು ಒಂದೂ ಸಿಗಲಿಲ್ಲ. ಸಿಕ್ಕಿದ್ದು ಪುಸ್ತಕದ ಮಾತು.

“ಅರಸನು ಹರಿಗೋಲನ್ನೇರಿ, ನನ್ನಿಂದ ಎಷ್ಟು ಕೂಲಿಯನ್ನು ಕೊಳ್ಳುವೆ ಎಂದು ಕೇಳಿದನು.”

ಬಾಗಿಲ ಹಿಂದಿನಿಂದ, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿ. ಬಾಳವ್ವನಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು. ಅಬ್ದುಲಸಾಬನ ಕೈ ಗಂಟಿನ ಮೇಲೆ ನಿಂತಿತು.

“ಅವಳು ಹುಟ್ಟು ಹಾಕುವುದನ್ನು ಬಿಡದೆ ಹೇಳಿದಳು: ದಡದಲ್ಲಿ ತಾವು ಅರಸರು. ನಡುಹೊಳೆಯಲ್ಲಿ...” ಅಲ್ಲಿಗೆ ಉಸಿರು ಸಾಲಲಿಲ್ಲ.

“ನಡುಹೊಳೆಯಲ್ಲಿ ತಾವೂ ಒಂದು ಭಾರವೇ,” ಎಂದು ಅಬ್ದುಲಸಾಬ ಮುಗಿಸಿದ. ಪುಸ್ತಕ ತೆರೆದು ನೋಡಲಿಲ್ಲ. ಅವನಿಗೂ ಅದು ಬಾಯಿಪಾಠವಾಗಿತ್ತು.

ಬಾಳವ್ವ ಕೇಕೆ ಹಾಕಿ ನಕ್ಕಳು. “ಭಾರ ಅಂದ್ಲ! ರಾಜಗ! ಭಪ್ಪರೆ ಹೆಣ್ಣ!”

ಅಬ್ದುಲಸಾಬ ಮೆಲ್ಲಗೆ ಕೆಳಗೆ ಕೂತ. ಪುಸ್ತಕ ತೆಗೆದು ಮೊದಲನೆಯ ಎಳೆಯಿದ್ದ ಹಾಳೆ ನೋಡಿದ. ಆ ಮಾತೇ ಅಲ್ಲಿತ್ತು. ಎರಡನೆಯದಕ್ಕೆ ತಿರುವಿದ. “ಇಲ್ಲೆ? ಮಳಿ ಬರೋದಕ್ಕ?”

“ಹೌದ್ರಿ,” ಎಂದಿತು ಬಾಗಿಲು. “ಮಳಿ ಬರೋಕಿಂತ ಮೊದಲ ನೀರ ಸುಮ್ಮನಾಗೋದು ಐತಲ್ರಿ, ಅದಕ್ಕ.”

ಹೀಗೆ ಒಂದೊಂದೇ ಎಳೆ ಹಿಡಿದು ಹನ್ನೊಂದನ್ನೂ ನೋಡಿದ. ಒಂಬತ್ತು ಕಡೆ ತಲೆದೂಗಿದ. ಎರಡು ಕಡೆ, “ಇದನ್ನ ನಾನೂ ನೋಡಿದ್ದಿಲ್ಲ ಬಿಡು,” ಎಂದ. ಕಡೆಗೆ ಕಣ್ಣೊರೆಸಿಕೊಂಡು, “ಬಾಳವ್ವಾ, ನೀರ ತರ್ಲೇನಂತ ಕೇಳಿದ್ದೆಲ್ಲ, ತಾ,” ಎಂದ. ಆರು ಪುಸ್ತಕ ಮತ್ತೆ ಮಾಡ ಸೇರಿದವು. ಏಳನೆಯದಾಗಿ ಗೋಮಿ ಪುಸ್ತಕವನ್ನೂ ಅಲ್ಲೇ ಇಟ್ಟ. “ಇದು ಇಲ್ಲೇ ಇರ್ಲಿ. ಎಳಿ ಬಿಚ್ಚಬ್ಯಾಡ ಮಗಳ.”

ಮುಂದಿನ ಸಲ ಧಾರವಾಡದಿಂದ ಬಂದ ಗಂಟಿನಲ್ಲಿ ಮೂರು ಹೊಸ ಪುಸ್ತಕಗಳಿದ್ದವು. ಒಂದರ ಅಂಚಿನಿಂದ, ನಡುವೆ ಎಲ್ಲೋ, ಒಂದೇ ಒಂದು ಕೆಂಪು ಎಳೆ ಇಣುಕುತ್ತಿತ್ತು. ಎಳೆಗೆ ಹಾಕಿದ್ದು, ಸೀರೆ ನೋಡುವ ಕೈಯ ಬಿಗಿ ಗಂಟು.

“ಅದನ್ನ ತಗಿ, ಅಲ್ಲಿಂದನ ಓದು,” ಎಂದು ಬಾಳವ್ವ ರಾಟಿ ಬಿಟ್ಟು ಮುಂದೆ ಸರಿದಳು.

ಮುತ್ತವ್ವ ಎಳೆಯನ್ನು ಬೆರಳಲ್ಲಿ ಮುಟ್ಟಿದಳಷ್ಟೇ. “ಇಲ್ರಿ ಅತ್ತಿ. ಮೊದಲಿಂದ,” ಎಂದು ಮೊದಲನೆಯ ಹಾಳೆ ತೆರೆದಳು.