ಹಣೆಗೆ ಮಣ್ಣು ಹಚ್ಚದ ಪೈಲ್ವಾನರು

ಪರ್ಕಳದ ಬೀಪಾತುಮ್ಮನವರ ಮನೆಗೆಲಸದ ಲಕ್ಕವ್ವನಿಗೆ ಟಿವಿಯ ಕುಸ್ತಿ ಕಂಡರೆ ಮೈ ಉರಿಯುತ್ತಿತ್ತು. ಅವಳಪ್ಪ ಬಾಗಲಕೋಟೆ ಕಡೆಯ ಗರಡಿ ಪೈಲ್ವಾನ. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳದೆ ಎಂದೂ ಅಖಾಡಕ್ಕೆ ಇಳಿದವನಲ್ಲ. ಈ ಟಿವಿಯವರೋ, ಪಟಾಕಿ ಹೊಡೆಸಿಕೊಂಡು ಬಂದು ಕುರ್ಚಿ ಎತ್ತಿ ಬಡಿದಾಡುವವರು. ಹೀಗೆ ಬೈಯುತ್ತಲೇ ಅವಳು ಬೀಪಾತುಮ್ಮನವರ ಜೊತೆ ಒಂದು ವಾರವೂ ತಪ್ಪಿಸದೆ ನೋಡುತ್ತಿದ್ದಳು.

ವರ್ಷದ ದೊಡ್ಡ ಕುಸ್ತಿಯ ದಿನ ಬೀಪಾತುಮ್ಮನವರ ನೆಚ್ಚಿನ ಉದ್ದಗೂದಲಿನ ಪೈಲ್ವಾನ ಕಣದ ನಡುವೆ ನಿಲ್ಲಿಸಿದ್ದ ಏಣಿಯ ತುದಿಯಿಂದ ಬಿದ್ದ. ಅವರು ಕಣ್ಣು ಮುಚ್ಚಿಕೊಂಡರು.

"ಎಲ್ಲ ನಾಟಕ ಅಲ್ವಾ, ಲಕ್ಕವ್ವ?"

"ನಾಟಕಾನ ರೀ, ಅಮ್ಮಾರ. ಬಿದ್ದದ್ದು ಮಾತ್ರ ಖರೇನ."

ಲಕ್ಕವ್ವ ಕಸಬರಿಗೆ ಬದಿಗಿಟ್ಟು ಅಂಗಳಕ್ಕಿಳಿದಳು. ಚಿಟಿಕೆ ಕೆಂಪು ಮಣ್ಣನ್ನು ಹಣೆಗೆ ಹಚ್ಚಿಕೊಂಡು ಬಂದು ಟಿವಿಯ ಮುಂದೆ ಕುಳಿತಳು.

"ಎಂತ ಅದು?"

"ಅವಗ ಪದ್ಧತಿ ಗೊತ್ತಿಲ್ಲ ರೀ. ಅವನ ಪಾಲಿಂದು ನಾನ ಹಚ್ಚಿಕೊಂಡೀನಿ."